ಅಮ್ಮನ ಟ್ರಂಕಲ್ಲಿ ‘ಕಲ್ಪನಾ ಕೈ’ ಕಟಿಂಗ್ ಸಿಕ್ತು, ಹೊಲಿಸಿದ್ರೆ ಕೈ ಎತ್ತಕ್ಕೇ ಆಗ್ತಿಲ್ಲ!

ಬಟವಾಡಿ ಸೊಸೆ (ಶನಿವಾರ, ರಾತ್ರಿ 9:12)
ಎಲ್ರಿಗೂ ನಮಸ್ಕಾರ, ತುಮಕೂರಿಂದ. ಹೊರಪೇಟೆಯ ಅಮ್ಮನ ಮನೆಗೆ ಸುಣ್ಣ ಹೊಡೆಸೋಣ ಅಂತ ಅಟ್ಟದ ಟ್ರಂಕು ಇಳಿಸಿದ್ವಿ. ಹಳೇ ಕಂಬಳಿ, ನುಸಿಗುಳಿಗೆ, ಅದರಡೀಲಿ ಟ್ವೈನ್ ದಾರ ಕಟ್ಟಿದ ಒಂದು ಕಟ್ಟು ದಿನಪತ್ರಿಕೆ ಹಾಳೆ. ರದ್ದಿಗೆ ಹಾಕೋಕೆ ಹೋದೋಳು ಯಾಕೋ ಬಿಚ್ಚಿ ನೋಡಿದೆ. ರವಿಕೆ ಕಟಿಂಗು, ಅಂದ್ರೆ ಬಟ್ಟೆ ಮೇಲಿಟ್ಟು ಕತ್ತರಿಸೋ ಪೇಪರ್ ಅಳತೆ! ಮುಂದಿನ ತುಂಡು, ಹಿಂದಿನ ತುಂಡು, ಎರಡು ಪಟ್ಟಿ, ಒಂದು ಕೈ. ಮುಂದಿನ ತುಂಡಿನ ಮೇಲೆ ನೀಲಿ ಇಂಕಲ್ಲಿ ‘ಸರೋಜಾ, ಕತ್ತು 6½’ ಅಂತಿದೆ. ಕೈ ಮೇಲೆ ‘ಕಲ್ಪನಾ ಕೈ’.

ಕತ್ತು ಬಿ. ಸರೋಜಾದೇವಿದು, ಕೈ ಕಲ್ಪನಾದು, ಎರಡೂ ಸೇರಿಸಿ ಅಮ್ಮ ಒಂದು ರವಿಕೆ ಮಾಡ್ಕೊಂಡಿದ್ದಾಳೆ ಅಂತ ನನಗೆ ಖುಷಿಯೋ ಖುಷಿ. ಇನ್ನೊಂದು ನೋಡಿ, ಹಿಂದಿನ ತುಂಡಿನ ಕಂಕುಳ ಸುತ್ತು (ಕೈ ಜೋಡಿಸೋ ಬಾಗು) ಒಂದು ಸಿನಿಮಾ ಜಾಹೀರಾತಿನ ಮೇಲೇ ಹಾದುಹೋಗಿದೆ. ‘ಶ’ ಕತ್ತರಿಗೆ ಹೋಗಿದೆ, ‘ರಪಂಜರ’ ಉಳಿದಿದೆ.

ಮಗಳ ಕಾಲೇಜಲ್ಲಿ ರೆಟ್ರೋ ಡೇ. ಇದೇ ಬೇಕು ಅಂದ್ಲು. ರಾ ಸಿಲ್ಕು ತಂದು, ಲೈನಿಂಗ್ ಕೊಟ್ಟು, ಮನೆ ಹತ್ರದ ಟೈಲರ್‌ಗೆ ಕಟಿಂಗನ್ನೂ ಕೊಟ್ಟೆ. ಬಂದಿದ್ದು ನೋಡಿ ಅಳು ಬಂತು. ಮೈ ಗೋಣಿಚೀಲ. ತೋಳು ರಕ್ತ ನಿಲ್ಲೋ ಹಾಗೆ ಬಿಗಿ. ಕೈ ಎತ್ತಿದ್ರೆ ಇಡೀ ಬ್ಲೌಸ್ ಜೊತೇಲೇ ಎದ್ದು ಬರುತ್ತೆ. ಪಫ್ ಅಂತೂ ಉಬ್ಬದ ಇಡ್ಲಿ ಥರ. ಕೇಳಿದ್ರೆ ‘ಪೇಪರ್ ದೋಷ ಮೇಡಂ, ನಾನು ಇದ್ದ ಹಾಗೇ ಕತ್ತರಿಸಿದೀನಿ’ ಅಂದ್ರು.

ದೋಷ ನಿಜವಾಗ್ಲೂ ಪೇಪರಲ್ಲಾ? ಮತ್ತೆ ಇದು ಯಾವ ಸಿನಿಮಾದ ರವಿಕೆ, ಯಾರಾದ್ರೂ ಹೇಳ್ತೀರಾ?

ಸುಮ್ನೆ ಬಂದೆ (9:20)
ಉಬ್ಬದ ಇಡ್ಲಿ 😂 ಫೋಟೋ ಹಾಕಿ ಅಕ್ಕ.

ಬಟವಾಡಿ ಸೊಸೆ (9:22)
ಮಗಳು ಕೊಲ್ತಾಳೆ.

ಹಳೇ ರೀಲು (9:31)
‘ರಪಂಜರ’ ಅಂದ್ರೆ ಶರಪಂಜರ, 1971. ತ್ರಿವೇಣಿ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಆದ್ರೆ ಜಾಹೀರಾತು ಇದ್ದ ಮಾತ್ರಕ್ಕೆ ರವಿಕೆ ಅದೇ ಸಿನಿಮಾದ್ದು ಅಂತ ಆಗಲ್ಲ. ಕೈಗೆ ಸಿಕ್ಕ ಪೇಪರ್ ಕತ್ತರಿಸಿರ್ತಾರೆ ಅಷ್ಟೇ. ಕಲ್ಪನಾ ಮನೆಮಾತಾಗಿದ್ದು 1967ರ ಬೆಳ್ಳಿಮೋಡದಿಂದ. ಅಲ್ಲಿಂದಾಚೆ ಅವರ ಸೀರೆ, ರವಿಕೆ, ಕೈತುಂಬ ಬಳೆ, ಎತ್ತಿ ಕಟ್ಟಿದ ತುರುಬು ಎಲ್ಲವನ್ನೂ ನಮ್ಮ ಅಕ್ಕಂದಿರು ಕಾಪಿ ಹೊಡೆದವರೇ. ಸರೋಜಾದೇವಿಯವರ ಹವಾ ಅದಕ್ಕೂ ಹಿಂದೆ, ಕಿತ್ತೂರು ಚೆನ್ನಮ್ಮ 1961. ಹತ್ತು ವರ್ಷ ಅಂತರದ ಇಬ್ಬರನ್ನ ನಿಮ್ಮಮ್ಮ ಒಂದೇ ರವಿಕೆಗೆ ತಂದಿದ್ರೆ ದೊಡ್ಡ ಡಿಸೈನರ್ ಬಿಡಿ.

ಮಂಡಿಪೇಟೆ ಮಾವ (9:47)
ನಲವತ್ತು ವರ್ಷ ಮಿಷಿನ್ ತುಳಿದಿದೀನಿ. ಒಂದು ದಿನ ಪೇಪರ್ ಮುಟ್ಟಿಲ್ಲ. ಅಳತೆ ಬ್ಲೌಸ್ ಕೊಡಿ, ಬಟ್ಟೆ ಕೊಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ನೇರ ಕತ್ತರಿ. ಪೇಪರ್ ಕಟಿಂಗ್ ಎಲ್ಲ ಹೊಲಿಗೆ ಕ್ಲಾಸಿಗೆ ಹೋಗೋ ಹೆಣ್ಮಕ್ಕಳ ಶೋಕಿ. 50 ವರ್ಷದ ಹಿಂದೆ ಇನ್ಯಾರದೋ ಮೈಗೆ ಕತ್ತರಿಸಿದ್ದು ನಿಮ್ಮ ಮಗಳಿಗೆ ಹೆಂಗೆ ಕೂರುತ್ತೆ?

ಟಕ್ಕು ಪಟ್ಟಿ (10:05)
ಮಾವ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಶೋಕಿ ಅನ್ನಬೇಡಿ. ಚಿಂತಾಮಣೀಲಿ ಹೊಲಿಗೆ ಹೇಳಿಕೊಡ್ತೀನಿ ನಾನು. ಪೇಪರ್ ಮೇಲೆ ತಪ್ಪು ಮಾಡಿದ್ರೆ ಹೋಗೋದು ರದ್ದಿ. ರೇಷ್ಮೆ ಮೇಲೆ ಮಾಡಿದ್ರೆ ಹೋಗೋದು ಗಿರಾಕಿ.

ಬಟವಾಡಿ ಅಕ್ಕ, ಕೆಲವು ಅಳತೆ ಬೇಕು. ಟೇಪನ್ನ ಅಂಚಿನ ಮೇಲೆ ನಿಲ್ಲಿಸಿ, ಗೆರೆ ಜೊತೆ ಬಳುಕಿಸ್ಕೊಂಡು ಅಳೀರಿ:
ಮುಂದಿನ ತುಂಡು ಹಿಂದಿನ ತುಂಡು ಎರಡರ ಕಂಕುಳ ಸುತ್ತು ಸೇರಿಸಿ ಎಷ್ಟು? ಕೈಯ ಮೇಲಿನ ಗುಂಡು ಗೆರೆ ಒಟ್ಟು ಎಷ್ಟು? ಕೈಯ ಕೆಳಗಿನ ಅಗಲ ಎಷ್ಟು? ಮಗಳ ಎದೆ ಸುತ್ತಳತೆ, ತೋಳು ಸುತ್ತಳತೆ?
ಇನ್ನೊಂದು, ಟೈಲರ್ ಕಂಕುಳು ಏನಾದ್ರೂ ಇಳಿಸಿದ್ರಾ?

ಬಟವಾಡಿ ಸೊಸೆ (10:08)
ಹೌದು! ‘ಆರಾಮಾಗಿರಲಿ ಅಂತ ಒಂದಿಂಚು ಇಳಿಸಿದೀನಿ’ ಅಂದ್ರು. ಅಳತೆ ನಾಳೆ ಹಾಕ್ತೀನಿ, ಟೇಪ್ ಅಮ್ಮನ ಮನೇಲಿದೆ.

ಟಕ್ಕು ಪಟ್ಟಿ (10:16)
ಅಲ್ಲೇ ಅರ್ಧ ಉತ್ತರ ಸಿಕ್ತು. ಎಲ್ಲರೂ ಉಲ್ಟಾ ತಿಳ್ಕೊಂಡಿರ್ತಾರೆ, ಕಂಕುಳು ಇಳಿಸಿದ್ರೆ ಕೈ ಸಲೀಸು ಅಂತ. ಬಾವಲಿ ರೆಕ್ಕೆ ನೆನಪಿಸ್ಕೊಳ್ಳಿ. ಕೈ ಮೈಗೆ ಸೇರೋ ಜಾಗ ಕೆಳಗೆ ಹೋದಷ್ಟೂ ಕೈ ಎತ್ತಿದಾಗ ಮೈಬಟ್ಟೆಯನ್ನೂ ಎಳೆಯುತ್ತೆ. ಕಂಕುಳಿಗೆ ಹತ್ತಿರ ಇದ್ರೆ ಕೈ ಒಂದೇ ಏಳುತ್ತೆ, ರವಿಕೆ ಇದ್ದಲ್ಲೇ ಇರುತ್ತೆ. ಹಳೇ ಕಾಲದ ರವಿಕೆಗಳು ನೋಡಿ, ಕಂಕುಳು ಮೇಲೇ ಇರ್ತಿತ್ತು. ಬಾವಿ ಸೇದೋರು, ರುಬ್ಬೋರು ಹಾಕ್ತಿದ್ದ ಬಟ್ಟೆ ಅದು.

ಮಂಡಿಪೇಟೆ ಮಾವ (10:21)
ಇದು ಮಾತ್ರ ಸರಿಯಾಗಿ ಹೇಳಿದ್ರಿ.

ರಾಬರ್ಟ್‌ಸನ್‌ಪೇಟೆ ಹುಡುಗಿ (10:40)
ಕೆಜಿಎಫ್‌ನಿಂದ ಒಂದು ಕಥೆ. ನಮ್ಮಜ್ಜಿ ಗಣಿ ಕಾಲೋನೀಲಿದ್ದಾಗ ಪಕ್ಕದ್ಮನೆ ಆಂಗ್ಲೋ ಇಂಡಿಯನ್ ಆಂಟಿ ಆಸ್ಟ್ರೇಲಿಯಾಗೆ ಹೋಗುವಾಗ ಹೊಲಿಗೆ ಮಿಷಿನ್ನು, ಒಂದು ಬಿಸ್ಕತ್ ಡಬ್ಬಿ ಕೊಟ್ಟು ಹೋದ್ರಂತೆ. ಡಬ್ಬಿ ತುಂಬ ಫ್ರಾಕಿನ ಪ್ಯಾಟರ್ನ್ (ಪೇಪರ್ ಕಟಿಂಗ್) ಲಕೋಟೆಗಳು, ಅಮೆರಿಕದ್ದು. ಒಳಗಿನ ಟಿಶ್ಯೂ ಪೇಪರ್ ಈರುಳ್ಳಿ ಸಿಪ್ಪೆಯಷ್ಟು ತೆಳು. ಮೇಲೆ ಒಂದಕ್ಷರ ಪ್ರಿಂಟ್ ಇಲ್ಲ, ಬರೀ ತೂತು! ದೊಡ್ಡ ತೂತು, ಸಣ್ಣ ತೂತು. ಬಟ್ಟೆ ಮಡಿಕೆ ಎಲ್ಲಿ, ಟಕ್ಸ್ (ಮೈಗೆ ಕೂರೋಕೆ ಹಿಡಿಯೋ ಮಡಿಕೆ ಹೊಲಿಗೆ) ಎಲ್ಲಿ, ಎಲ್ಲ ತೂತಲ್ಲೇ. ಲಕೋಟೆ ಕಳೆದುಹೋದ್ರೆ ದೇವರೇ ಗತಿ.

ಅದರಲ್ಲೊಂದು ಸೈಜ್ 14 ಇತ್ತು. ನನ್ನ ಸೈಜು ಅಂತ ಕುಣಿದಾಡಿ ಕತ್ತರಿಸಿದೆ, ಎದೆ ಹತ್ರ ಗುಂಡೀನೇ ಕೂಡ್ಲಿಲ್ಲ. ಆಮೇಲೆ ಗೊತ್ತಾಯ್ತು, 1940ರ ದಶಕದ ಅಮೆರಿಕನ್ ಪ್ಯಾಟರ್ನಲ್ಲಿ 14 ಅಂದ್ರೆ ಎದೆ 32 ಇಂಚು. ಈಗಿನ ಪ್ಯಾಟರ್ನಲ್ಲಿ ಅದೇ 14 ಅಂದ್ರೆ 36. ನಂಬರ್ ನಂಬಬೇಡಿ, ಇಂಚು ನಂಬಿ.

ಹಳೇ ರೀಲು (10:58)
ಒಳ್ಳೇ ವಿಷಯ ಎತ್ತಿದ್ರಿ. ಸಿನಿಮಾ ನೋಡಿ ಪ್ಯಾಟರ್ನ್ ಮಾರೋದು ಅಮೆರಿಕದಲ್ಲಿ ದೊಡ್ಡ ವ್ಯಾಪಾರವೇ ಆಗಿತ್ತು. ಅಳತೆವಾರು ಪೇಪರ್ ಪ್ಯಾಟರ್ನ್ ಶುರು ಮಾಡಿದ್ದು ಬಟರಿಕ್ ಅನ್ನೋ ಒಬ್ಬ ಟೈಲರ್, 1863ರಲ್ಲಿ. 1932ರಲ್ಲಿ ಹಾಲಿವುಡ್ ಪ್ಯಾಟರ್ನ್ ಅಂತಲೇ ಒಂದು ಕಂಪನಿ ಬಂತು, ಲಕೋಟೆ ಮೇಲೆ ನಟಿಯ ಫೋಟೋ. ಅದೇ ವರ್ಷ ಲೆಟಿ ಲಿಂಟನ್ ಅನ್ನೋ ಸಿನಿಮಾದಲ್ಲಿ ಜೋನ್ ಕ್ರಾಫರ್ಡ್ ಬಿಳಿ ಆರ್ಗಂಡಿ (ತೆಳು, ಗರಿಗರಿ ಬಟ್ಟೆ) ಗೌನ್ ಹಾಕಿದ್ಲು. ಭುಜದ ಮೇಲೆ ಫ್ರಿಲ್ ಮೇಲೆ ಫ್ರಿಲ್, ತೋಳು ಅಂದ್ರೆ ಎರಡು ಕೋಸುಗಡ್ಡೆ. ಡಿಸೈನರ್ ಹೆಸರು ಏಡ್ರಿಯನ್. ಅಮೆರಿಕದ ಅಂಗಡಿಗಳ ತುಂಬ ಅದರ ನಕಲು. ತಮಾಷೆ ಏನಂದ್ರೆ ಕಥೆ ಕದ್ದ ಕೇಸಲ್ಲಿ ಸೋತು ಆ ಸಿನಿಮಾ ಪ್ರದರ್ಶನವೇ ನಿಂತುಹೋಯ್ತು. ಸಿನಿಮಾ ಹೋಯ್ತು, ತೋಳು ಉಳೀತು.

ಕೋಲಾರದ ಕುಸುಮ (11:10)
ಅಂದ್ರೆ ನಮ್ಮ ಕಲ್ಪನಾ ಕೈ ಹಾಲಿವುಡ್ಡಿಂದ ಬಂತು ಅಂತೀರಾ? ಒಪ್ಪಲ್ಲ. ನಮ್ಮ ಮುತ್ತಜ್ಜಿ ಮದುವೆ ಫೋಟೋದಲ್ಲೇ ಬುಗ್ಗೆ ಕೈ ಇದೆ. ಅವರು ಸಿನಿಮಾ ಮುಖಾನೇ ನೋಡಿರ್ಲಿಲ್ಲ.

ಹಳೇ ರೀಲು (11:14)
ನಾನು ಹಾಗಂದಿಲ್ಲ ತಾಯಿ. 1890ರ ದಶಕದಲ್ಲಿ ಇಂಗ್ಲೆಂಡಿನ ಹೆಂಗಸರ ತೋಳು ಬಲೂನಿನ ಹಾಗಿತ್ತು. ಆ ಕಾಲದ ನಮ್ಮ ಅರಮನೆ ಫೋಟೋಗಳಲ್ಲೂ ಅದೇ ಕಾಣುತ್ತೆ. ಸಿನಿಮಾದವರು ಅದಕ್ಕೆ ಹೆಸರು ಕೊಟ್ರು.

ಕೋಲಾರದ ಕುಸುಮ (11:15)
ಹಾಗೆ ಹೇಳಿ ಮತ್ತೆ.

ಶಿಡ್ಲಘಟ್ಟದ ನೂಲು (11:32)
ರಾ ಸಿಲ್ಕು ಅಂದ್ರಲ್ಲ, ನಿಜವಾದ ರೇಷ್ಮೇನಾ ಪಾಲಿಯೆಸ್ಟರಾ? ಈಗ ಅಂಗಡೀಲಿ ರಾ ಸಿಲ್ಕ್ ಅಂತ ಮಾರೋದರಲ್ಲಿ ಬಹಳಷ್ಟಕ್ಕೆ ರೇಷ್ಮೆ ಹುಳದ ಪರಿಚಯವೇ ಇರಲ್ಲ. ಸೆರಗಿನ ಹತ್ರ ಒಂದೆಳೆ ಕಿತ್ತು ಸುಟ್ಟು ನೋಡಿ. ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಯಾದ್ರೆ ರೇಷ್ಮೆ. ಕರಗಿ ಗಟ್ಟಿ ಮಣಿ ಥರ ಆದ್ರೆ ಪ್ಲಾಸ್ಟಿಕ್ಕು.

ಸುಮ್ನೆ ಬಂದೆ (11:36)
ಈ ವಾರ ರೇಷ್ಮೆ ಗೂಡಿನ ರೇಟ್ ಹೆಂಗಿದೆ ಗುರು ಮಾರ್ಕೆಟ್ಟಲ್ಲಿ?

ಶಿಡ್ಲಘಟ್ಟದ ನೂಲು (11:38)
ಕೇಳಬೇಡ. ಹೊಟ್ಟೆ ಉರಿಯುತ್ತೆ.

ಗುಬ್ಬಿ ಗೇಟ್ (ಭಾನುವಾರ, ಬೆಳಗ್ಗೆ 7:50)
ಲೈನಿಂಗ್ ಬ್ಲೌಸಿಗೆ ಈಗ ತುಮಕೂರಲ್ಲಿ ಎಷ್ಟು ತಗೋತಾರೆ? ನಮ್ಮ ಟೈಲರ್ ಪ್ರತಿ ಹಬ್ಬಕ್ಕೂ ಐವತ್ತು ಏರಿಸ್ತಾರೆ. ಕೊಡೋದು ಮಾತ್ರ ಹಬ್ಬ ಆದ್ಮೇಲೆ.

ಕೋಲಾರದ ಕುಸುಮ (7:58)
‘ನಾಳೆ ಬನ್ನಿ, ಕಾಜಾ ಒಂದು ಬಾಕಿ’. ನನ್ನ ತಂಗಿ ಮದುವೇಲೂ ಕಾಜಾ ಒಂದು ಬಾಕಿ ಇತ್ತು. ಪಿನ್ನು ಹಾಕ್ಕೊಂಡು ಧಾರೆ ಆಯ್ತು.

ನಿರ್ವಾಹಕ (8:30)
ರೇಟು, ಗೂಡು, ಕಾಜಾಗಳಿಗೆ ಬೇರೆ ಎಳೆ ತೆಗೀರಿ. ಇಲ್ಲಿ ರವಿಕೆ.

ಬಟವಾಡಿ ಸೊಸೆ (11:05)
ಅಳತೆ ತಂದಿದೀನಿ. ಕಂಕುಳ ಸುತ್ತು ಎರಡೂ ಸೇರಿ 17½. ಕೈಯ ಗುಂಡು ಗೆರೆ 19. ಕೈಯ ಕೆಳಗಿನ ಅಗಲ 10½. ಮಗಳ ಎದೆ 34, ತೋಳು 11. ಬಟ್ಟೆ ಸುಟ್ಟು ನೋಡಿದೆ, ಮಣಿ ಬಂತು 😑

ಟಕ್ಕು ಪಟ್ಟಿ (11:30)
ಈಗ ನೋಡಿ ಮಜಾ. ಪಫ್ ಉಬ್ಬಬೇಕು ಅಂದ್ರೆ ಕೈಯ ಗುಂಡು ಗೆರೆ ಕಂಕುಳ ಸುತ್ತಿಗಿಂತ ಕಡಿಮೆ ಅಂದ್ರೂ ಐದಾರು ಇಂಚು ಜಾಸ್ತಿ ಇರಬೇಕು. ಆ ಜಾಸ್ತಿಯೇ ನೆರಿಗೆ ಆಗೋದು. ನಿಮ್ಮದರಲ್ಲಿ 19ರಲ್ಲಿ 17½ ಕಳೆದ್ರೆ ಉಳಿಯೋದು ಒಂದೂವರೆ. ಅದರ ಮೇಲೆ ಟೈಲರ್ ಕಂಕುಳು ಇಳಿಸಿದ್ರು, ಅಂದ್ರೆ ಸುತ್ತು ಇನ್ನೂ ದೊಡ್ಡದಾಯ್ತು. ನೆರಿಗೆಗೆ ಬಟ್ಟೇನೇ ಉಳಿದಿಲ್ಲ. ಇಡ್ಲಿ ಹೇಗೆ ಉಬ್ಬುತ್ತೆ?

17½ ಸುತ್ತು ಅಂದ್ರೆ 38 ಎದೆಯವರದ್ದು. ಆ ಕೈಗೆ 14ರ ಸುತ್ತು ಕೊಟ್ಟು ನೋಡಿ, ಐದು ಇಂಚು ನೆರಿಗೆ ಸರಿಯಾಗಿ ಕೂರುತ್ತೆ. 14 ಅಂದ್ರೆ 30, 31 ಎದೆಯ ಸಣಕಲು ಹುಡುಗಿ. ಅಕ್ಕ, ನನಗನ್ನಿಸೋದು ಈ ಕೈ ಬೇರೆ ರವಿಕೇದು, ಈ ಮೈ ಬೇರೆ ರವಿಕೇದು. ಒಂದೇ ಕಟ್ಟಲ್ಲಿ ಇಟ್ಟಿದ್ದಾರೆ ಅಷ್ಟೇ.

ಮಂಡಿಪೇಟೆ ಮಾವ (11:41)
ಕೈ ಬೇರೆ ಮೈ ಬೇರೆ. ಪೇಪರ್ ಇಟ್ಕೊಂಡ್ರೆ ಹಿಂಗೇ ಆಗೋದು.

ಹಳೇ ರೀಲು (11:55)
ಪತ್ತೆ ಮಾಡೋದು ಸುಲಭ. ಎರಡೂ ಹಾಳೆಗಳ ಹಿಂದೆ ಮುಂದೆ ಏನು ಸುದ್ದಿ ಇದೆ ಓದಿ. ಸಿನಿಮಾ ಜಾಹೀರಾತು ನಂಬೋಕಾಗಲ್ಲ, ಹಳೇ ಸಿನಿಮಾ ಮತ್ತೆ ಮತ್ತೆ ಹಾಕ್ತಿದ್ರು. ಸರ್ಕಾರಿ ಟೆಂಡರ್ ಇದ್ರೆ ಅದನ್ನ ಓದಿ.

ಬಟವಾಡಿ ಸೊಸೆ (12:20)
ಅಯ್ಯೋ ಹಳೇ ರೀಲು ಅವರೇ, ಮೈ ಝುಮ್ಮಂತು! ಹಿಂದಿನ ತುಂಡಲ್ಲಿ ರಸ್ತೆ ಡಾಂಬರು ಟೆಂಡರ್, ‘ಮೈಸೂರು ಸರ್ಕಾರ’ ಅಂತಿದೆ. ಕೈಯ ತುಂಡಲ್ಲಿ ಯಾವುದೋ ಶಾಲೆ ಕೊಠಡಿ ಟೆಂಡರ್, ‘ಕರ್ನಾಟಕ ಸರ್ಕಾರ’!

ಹಳೇ ರೀಲು (12:24)
ಮುಗೀತು. ರಾಜ್ಯದ ಹೆಸರು ಬದಲಾಗಿದ್ದು 1973 ನವೆಂಬರ್ 1ಕ್ಕೆ. ಮೈ ಹಾಳೆ ಅದಕ್ಕೆ ಹಿಂದಿನದು, ಕೈ ಹಾಳೆ ಅದರ ಆಮೇಲಿನದು. ಎರಡು ಬೇರೆ ರವಿಕೆ.

ರಾಬರ್ಟ್‌ಸನ್‌ಪೇಟೆ ಹುಡುಗಿ (12:26)
ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಬಂದು ರವಿಕೆ ಕೇಸ್ ಬಗೆಹರಿಸಿದ್ರು 😂😂

ಗುಬ್ಬಿ ಗೇಟ್ (12:40)
ಪೇಪರ್ ಹಳೇದಿದ್ದು ಕಟಿಂಗ್ ಹೊಸದಿರಬಹುದಲ್ವಾ? ನಮ್ಮನೇಲಿ ಹತ್ತು ವರ್ಷದ ಪೇಪರ್ ಬೀರು ಅಡೀಲಿದೆ.

ಹಳೇ ರೀಲು (12:43)
ಇರಬಹುದು. ಆದ್ರೆ ಟಕ್ಕು ಪಟ್ಟಿಯವರ ಲೆಕ್ಕಾನೂ ಅದೇ ಹೇಳ್ತಿದೆಯಲ್ಲ. ಅಮ್ಮನ್ನೇ ಕೇಳಬಾರದಾ?

ಬಟವಾಡಿ ಸೊಸೆ (ಮಧ್ಯಾಹ್ನ 3:15)
ಕೇಳ್ದೆ. ಕೂತ್ಕೊಂಡು ಓದಿ ಎಲ್ಲರೂ.

ಅಮ್ಮನಿಗೆ ಫೋನ್ ಮಾಡಿ ‘ಸರೋಜಾದೇವಿ ಕತ್ತು ಯಾವ ಸಿನಿಮಾದ್ದು’ ಅಂದೆ. ‘ಯಾವ ಸರೋಜಾದೇವಿ?’ ಅಂದ್ಲು. ಬರೆದಿದ್ದೀಯಲ್ಲ ಅಂದೆ. ಒಂದು ನಿಮಿಷ ಸುಮ್ಮನಿದ್ದು ಆಮೇಲೆ ನಗೋಕೆ ಶುರು. ಅದು ಎದುರುಮನೆ ಸರೋಜಮ್ಮಂದು ಕಣೇ! ದಪ್ಪಗಿದ್ದರಂತೆ, ಯಾವ ಟೈಲರ್ ಹತ್ರಾನೂ ಸರಿಯಾಗಿ ಕೂರ್ತಿರಲಿಲ್ಲವಂತೆ, ಅದಕ್ಕೆ ಅಮ್ಮನೇ ಹೊಲಿದು ಕೊಡ್ತಿದ್ಲಂತೆ. ಕತ್ತು 6½ ಅಂದ್ರೆ ಸರೋಜಮ್ಮನ ಕತ್ತು 6½. ಅಷ್ಟೇ. ನಾನು ಎರಡು ದಿನದಿಂದ ಮಗಳಿಗೆ ಕಿತ್ತೂರು ಚೆನ್ನಮ್ಮ ಹಾಡು ಹಾಕಿ ತೋರಿಸ್ತಿದ್ದೆ.

ಕೈ ಮಾತ್ರ ನಿಜವಾಗ್ಲೂ ಕಲ್ಪನಾದು. ಹೊಲಿದಿದ್ದು ಚಿಕ್ಕಮ್ಮನಿಗೆ, ಪಿಯುಸಿ ಓದ್ತಿದ್ಲಂತೆ, ಕಡ್ಡಿ ಹಾಗಿದ್ಲು. ಇಬ್ಬರೂ ಒಂದೇ ಸಿನಿಮಾಗೆ ಎರಡು ಸಲ ಹೋಗಿದ್ದಾರೆ. ಮೊದಲ ಸಲ ಕಥೆ ನೋಡೋಕೆ, ಎರಡನೇ ಸಲ ಕೈ ನೋಡೋಕೆ. ಟೇಪ್ ಎಲ್ಲಿಂದ ಬರಬೇಕು? ಕಲ್ಪನಾ ಪರದೆ ಮೇಲೆ ಕೈ ಎತ್ತಿದಾಗೆಲ್ಲ ಅಮ್ಮ ಕತ್ತಲಲ್ಲಿ ಚಿಕ್ಕಮ್ಮನ ತೋಳಿನ ಮೇಲೆ ಬೆರಳಿಟ್ಟು ಅಳೀತಿದ್ಲಂತೆ. ‘ಮೊಣಕೈಗಿಂತ ನಾಲ್ಕು ಬೆರಳು ಮೇಲೆ ನಿಲ್ತಿತ್ತು, ಕೆಳಗೆ ಒಂದು ಬೆರಳು ಪಟ್ಟಿ, ಭುಜದ ಮೇಲೆ ಒಂದು ಮುಷ್ಟಿ ಎತ್ತರ’ ಅಂತ ಇವತ್ತೂ ಹೇಳ್ತಾಳೆ.

ಸಿನಿಮಾ ಹೆಸರು? ‘ನೆನಪಿಲ್ಲ, ಅದರಲ್ಲಿ ಅವಳು ಅಳ್ತಾಳೆ’ ಅಂದ್ಲು.

ಹಳೇ ರೀಲು (3:19)
ಎಲ್ಲದರಲ್ಲೂ ಅಳ್ತಾರೆ ತಾಯಿ 😭

ಕೋಲಾರದ ಕುಸುಮ (3:24)
ಮುಷ್ಟಿ ಎತ್ತರ! ನನ್ನ ಅತ್ತೆ ಕೂಡ ಹಿಂಗೇ ಹೇಳೋರು. ಅವರಿಗೂ ಅವರ ಅಕ್ಕನಿಗೂ ಇದ್ದ ದೊಡ್ಡ ಜಗಳ ಅಂದ್ರೆ ಬಣ್ಣ. ಕಪ್ಪು ಬಿಳುಪು ಸಿನಿಮಾ ನೋಡಿ ಬಂದು ‘ಆ ರವಿಕೆ ಹಸಿರು’ ಅಂತ ಇವರು, ‘ಇಲ್ಲ ಕುಂಕುಮ ಕೆಂಪು’ ಅಂತ ಅವರ ಅಕ್ಕ. ಸಾಯೋ ತನಕ ಇತ್ಯರ್ಥ ಆಗಲಿಲ್ಲ.

ಹಳೇ ರೀಲು (3:30)
ಕನ್ನಡದಲ್ಲಿ ಮೊದಲು ಪೂರ್ತಿ ಬಣ್ಣದಲ್ಲಿ ಬಂದಿದ್ದು 1964ರ ಅಮರಶಿಲ್ಪಿ ಜಕಣಾಚಾರಿ. ಆಮೇಲೂ ಸುಮಾರು ವರ್ಷ ಕಪ್ಪು ಬಿಳುಪೇ ಹೆಚ್ಚು. ಬೆಳ್ಳಿಮೋಡವೂ ಅಷ್ಟೇ. ಶರಪಂಜರ ಬಣ್ಣದ್ದು.

ರಾಬರ್ಟ್‌ಸನ್‌ಪೇಟೆ ಹುಡುಗಿ (3:48)
ಲಕೋಟೆ ಮೇಲೆ ನಟಿ ಫೋಟೋ ಇದ್ದ ಆ ಹಾಲಿವುಡ್ ಪ್ಯಾಟರ್ನ್‌ಗಳಲ್ಲೂ ಬಹಳಷ್ಟು ಸಲ ಒಳಗಿನ ಫ್ರಾಕು ಆ ನಟಿ ಸಿನಿಮಾದಲ್ಲಿ ಹಾಕಿದ್ದೇ ಆಗಿರ್ತಿರಲಿಲ್ಲ. ಮುಖ ಒಬ್ಬಳದ್ದು, ಫ್ರಾಕು ಯಾವುದೋ. ನಿಮ್ಮಮ್ಮ ಕತ್ತಲಲ್ಲಿ ಬೆರಳಿಟ್ಟು ಅಳೆದಿದ್ದೇ ಹೆಚ್ಚು ಒರಿಜಿನಲ್.

ಅಂದ ಹಾಗೆ ಹಿಂದೀಲಿ ಸಿನಿಮಾ ಉಡುಪು ಡಿಸೈನ್ ಮಾಡಿದವರು ಭಾನು ಅಥೈಯಾ. 1965ರ ವಕ್ತ್‌ನಲ್ಲಿ ಸಾಧನಾ ಹಾಕಿದ ಬಿಗಿ ಚೂಡಿದಾರ್ ಕುರ್ತಾ ಅವರದ್ದೇ. ಗಾಂಧಿ ಸಿನಿಮಾದ ಉಡುಪಿಗೆ ಆಸ್ಕರ್ ಬಂತು, ಭಾರತಕ್ಕೆ ಮೊದಲನೇದು. ಕನ್ನಡದ ರವಿಕೆ ಹೊಲಿದ ಟೈಲರ್‌ಗಳ ಹೆಸರು ಮಾತ್ರ ಟೈಟಲ್ ಕಾರ್ಡಲ್ಲಿ ಓದೋಕೆ ಮುಂಚೇನೇ ಹೋಗಿಬಿಡುತ್ತೆ.

ಮಂಡಿಪೇಟೆ ಮಾವ (4:02)
ಈ ಮಾತಿಗೆ ನನ್ನ ಕಡೆಯಿಂದ ಒಂದು ಕಾಫಿ.

ಬಟವಾಡಿ ಸೊಸೆ (4:10)
ಎಲ್ಲ ಸರಿ, ಶುಕ್ರವಾರ ರೆಟ್ರೋ ಡೇ. ಈಗೇನ್ ಮಾಡ್ಲಿ?

ಟಕ್ಕು ಪಟ್ಟಿ (4:35)
ಗಾಬರಿ ಬೇಡ. ಸರೋಜಮ್ಮನ ಮೈ ಪಕ್ಕಕ್ಕಿಡಿ. ಮಗಳಿಗೆ ಸರಿಯಾಗಿ ಕೂರೋ ಬ್ಲೌಸ್ ಒಂದನ್ನ ಅಳತೆಗೆ ಇಟ್ಕೊಂಡು ಮೈ ಕತ್ತರಿಸಿ, ಕಂಕುಳ ಸುತ್ತು 15½ ಇರಲಿ. ಟಕ್ಸ್ ತುದಿಯನ್ನೂ ಮಗಳ ಅಳತೇಲೇ ಹಾಕಿ. ಹಳೇ ಕಟಿಂಗಲ್ಲಿ ಎದೆ ಟಕ್ಸ್ ಎತ್ತರದಲ್ಲಿ, ಚೂಪಾಗಿ ಬರುತ್ತೆ, ಆ ಕಾಲದ ಒಳಉಡುಪೇ ಹಾಗಿತ್ತು. ಈಗ ಹಾಕಿದ್ರೆ ಖಾಲಿ ಮೂಲೆ ಎದ್ದು ನಿಲ್ಲುತ್ತೆ.

ಕೈಗೆ ಬನ್ನಿ. ಅಮ್ಮನ ಹಾಳೆ ಮುಟ್ಟಬೇಡಿ, ಬೇರೆ ಪೇಪರಿಗೆ ಇಳಿಸ್ಕೊಳ್ಳಿ. ನಡುಮಧ್ಯೆ ಮೇಲಿಂದ ಕೆಳಗೆ ಸೀಳಿ, ಎರಡು ಅರ್ಧದ ನಡುವೆ 2½ ಇಂಚು ಜಾಗ ಬಿಟ್ಟು ಅಂಟಿಸಿ. 19 ಇದ್ದದ್ದು 21½ ಆಯ್ತು, ಅಂದ್ರೆ ನೆರಿಗೆಗೆ ಆರು ಇಂಚು ಸಿಕ್ತು. ಕೆಳಗೆ 10½ ಇದ್ದದ್ದು 13 ಆಯ್ತು, ಹೊಲಿಗೆಗೆ ಒಂದು ಇಂಚು ಹೋದ್ರೂ 12, ತೋಳು 11. ಒಂದೇ ಸೀಳಿಗೆ ಎರಡೂ ಕೆಲಸ. ಭುಜದ ತುದೀಲಿ ಮುಕ್ಕಾಲು ಇಂಚು ಎತ್ತರ ಏರಿಸಿ. ಅಮ್ಮ ಹೇಳಿದ ಮುಷ್ಟಿ ಬರೋದು ಅಲ್ಲಿಂದಲೇ. ನೆರಿಗೆ ಪೂರ್ತಿ ಭುಜದ ಮೇಲ್ಭಾಗಕ್ಕೇ ತಳ್ಳಿ, ಕಂಕುಳ ಕೆಳಗೆ ಒಂದು ನೆರಿಗೆಯೂ ಬೇಡ, ಚುಚ್ಚುತ್ತೆ.

ಲೈನಿಂಗ್ ಕೈಗೆ ಬೇಡವೇ ಬೇಡ. ಹಾಕಲೇಬೇಕಂದ್ರೆ ಲೈನಿಂಗನ್ನ ಪಫ್ ಇಲ್ಲದ ಸಾದಾ ಕೈಯಾಗಿ ಕತ್ತರಿಸಿ. ಆ ಕಾಲದಲ್ಲಿ ಹೊಲೀತಿದ್ದಿದ್ದು ಟೂ ಬೈ ಟೂ ರೂಬಿಯಾ. ಹಗುರ ಬಟ್ಟೆ, ನೆರಿಗೆ ತಾನಾಗೇ ನಿಲ್ತಿತ್ತು. ನಿಮ್ಮ ಪಾಲಿಯೆಸ್ಟರ್ ಜೋತುಬೀಳುತ್ತೆ. ನೆಟ್ ಬಟ್ಟೆಯ ಎರಡು ಬೆರಳಗಲ ಪಟ್ಟಿ ನೆರಿಗೆ ಹಾಕಿ ಒಳಗಡೆ ಭುಜದ ಹೊಲಿಗೆಗೆ ಸೇರಿಸಿ.

ಮೊದಲು ಹಳೇ ಪಂಚೇಲಿ ಒಂದು ಟ್ರಯಲ್!

ಗುಬ್ಬಿ ಗೇಟ್ (4:50)
ಸೀರೆ ಜೊತೆ ಬರೋ 80 ಸೆಂಟಿಮೀಟರ್ ಬ್ಲೌಸ್ ಪೀಸಲ್ಲಿ ಇದು ಬರುತ್ತಾ?

ಟಕ್ಕು ಪಟ್ಟಿ (4:52)
36 ಇಂಚು ಪನ್ನದ್ದಾದ್ರೆ (ಬಟ್ಟೆ ಅಗಲ) ಬರಲ್ಲ. ಒಂದು ಮೀಟರ್ ತಗೊಳ್ಳಿ.

ಬಟವಾಡಿ ಸೊಸೆ (ಮಂಗಳವಾರ, ರಾತ್ರಿ 8:40)
ಅಪ್ಪನ ಹಳೇ ಪಂಚೆ ಬಲಿ ಕೊಟ್ಟು ನಾನೇ ಹೊಲಿದೆ. ನಿಂತಿದೆ! ಮುಷ್ಟಿ ಇಟ್ಟು ನೋಡಿದೆ, ಸರಿಯಾಗಿ ಒಂದು ಮುಷ್ಟಿ. ಮಗಳು ಅದನ್ನೇ ಹಾಕ್ಕೊಂಡು ಅಟ್ಟದ ಮೇಲಿಂದ ಉಪ್ಪಿನಕಾಯಿ ಜಾಡಿ ಇಳಿಸಿದ್ಲು, ರವಿಕೆ ಒಂದಿಂಚು ಮೇಲೆ ಬರಲಿಲ್ಲ. ನಾಳೆ ಬೆಳಗ್ಗೆ ರೂಬಿಯಾ ತಂದು ಕತ್ತರಿಸ್ತೀನಿ. ಬಣ್ಣಕ್ಕೆ ಮತದಾನ ಮಾಡಿ, ಬಾಟಲ್ ಹಸಿರಾ, ಕುಂಕುಮ ಕೆಂಪಾ?

ಕೋಲಾರದ ಕುಸುಮ (8:42)
ಹಸಿರು. ಅತ್ತೆ ಆತ್ಮಕ್ಕೆ ಶಾಂತಿ ಸಿಗಲಿ.

ಸುಮ್ನೆ ಬಂದೆ (8:43)
ಕೆಂಪು. ಅತ್ತೆಯ ಅಕ್ಕನ ಕಡೆಯವನು ನಾನು.

ಮಂಡಿಪೇಟೆ ಮಾವ (8:55)
ಬಣ್ಣ ಯಾವುದಾದ್ರೂ ಇರಲಿ, ಬಟ್ಟೇನ ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ ಆಮೇಲೆ ಕತ್ತರಿಸಮ್ಮ. ರೂಬಿಯಾ ಕುಗ್ಗುತ್ತೆ. ಆ ಪೇಪರ್ ಕೈ ಒಂದು ಸಲ ಅಂಗಡಿಗೆ ತಂದು ತೋರಿಸು. ಸುಮ್ಮನೆ ನೋಡೋಕೆ.

ಬಟವಾಡಿ ಸೊಸೆ (9:10)
ತರ್ತೀನಿ ಮಾವ. ಅದಕ್ಕೂ ಮೊದಲು ಇನ್ನೊಂದು ಕೆಲಸ ಬಿದ್ದಿದೆ. ಅಮ್ಮ ಈಗಷ್ಟೇ ಫೋನ್ ಮಾಡಿದ್ಲು. ಸರೋಜಮ್ಮ ಈಗ ಶಿರಾದಲ್ಲಿ ಮಗನ ಮನೇಲಿದ್ದಾರಂತೆ. ‘ಅವಳ ಕಟಿಂಗ್ ನಮ್ಮಲ್ಲೇ ಉಳ್ಕೊಂಡಿದೆ ಅಂತ ಹೇಳಿ ಕೊಟ್ಟು ಬಾ’ ಅಂತಾಳೆ.